ಹಗುರವಾದ, ಸಿಹಿ ವೈನ್ ಬೇಕು, ಹೊಸಬರು ಯಾವುದರಿಂದ ಶುರು ಮಾಡಬೇಕು?

ಸಹನಾ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ವೈನ್ ವಿಷಯದಲ್ಲಿ ನಾನು ತೀರಾ ಹೊಸಬಳು. ಊರು ಪುತ್ತೂರು. ಕ್ರಿಸ್‌ಮಸ್‌ಗೆ ಪಕ್ಕದ ಮನೆಯ ಬಾಯಮ್ಮ ಕುಸ್ವಾರ್ (ಹಬ್ಬದ ಸಿಹಿತಿಂಡಿಗಳು) ಜೊತೆ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್ ಕಳಿಸುತ್ತಿದ್ದರು. ವೈನ್ ಅಂದ್ರೆ ನನಗೆ ಗೊತ್ತಿದ್ದದ್ದು ಅದೇ. ಸಿಹಿಯಾಗಿ, ಗಂಟಲಿಗೆ ಹಿತವಾಗಿ ಇರುತ್ತಿತ್ತು. ಮೊನ್ನೆ ಗೆಳತಿಯ ಮನೆಯಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಅಂತ ಒಂದು ರೆಡ್ ವೈನ್ ಕೊಟ್ಟರು. ಬಾಯೆಲ್ಲ ಒಗರು. ಎರಡು ಗುಟುಕಿಗೇ ಸಾಕಾಯಿತು. "ಕುಡೀತಾ ಕುಡೀತಾ ಅಭ್ಯಾಸ ಆಗುತ್ತೆ ಬಿಡೇ" ಅಂದಳು.

ಹಿಡಿಸದ್ದನ್ನು ಅಭ್ಯಾಸ ಮಾಡಿಕೊಳ್ಳುವ ಆಸೆ ನನಗಿಲ್ಲ. ಮುಂದಿನ ತಿಂಗಳು ಅಕ್ಕ, ಭಾವ ಬರುತ್ತಿದ್ದಾರೆ. ಕೋರಿ ರೊಟ್ಟಿ ಮಾಡುವ ಯೋಚನೆ ಇದೆ. ಅಕ್ಕನ ರುಚಿಯೂ ನನ್ನದೇ. ಹಗುರವಾಗಿ, ಸಿಹಿಯಾಗಿ ಇರುವ ಒಂದು ಬಾಟಲಿ ಬೇಕು. ಅಂಗಡಿಗೆ ಹೋದರೆ ಸಾಲು ಸಾಲಾಗಿ ಜೋಡಿಸಿಟ್ಟಿದ್ದಾರೆ. ಯಾವುದು ಸಿಹಿ ಅಂತ ನೋಡಿ ಹೇಳುವುದು ಹೇಗೆ?

ರಘುನಂದನ್, ಮೈಸೂರು

ಸಹನಾ ಅವರೇ, ಸ್ವಾಗತ. ಮೊದಲು ನಿಮಗೆ ಹಿಡಿಸದ ಆ ಒಗರು ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಕೆಂಪು ವೈನ್ ಮಾಡುವಾಗ ದ್ರಾಕ್ಷಿಯ ಸಿಪ್ಪೆ, ಬೀಜ ಎಲ್ಲವನ್ನೂ ರಸದ ಜೊತೆಗೇ ಹುಳಿಯಲು ಬಿಡುತ್ತಾರೆ. ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್ ರಸಕ್ಕೆ ಇಳಿಯುತ್ತದೆ. ಟೀ ಪುಡಿ ಜಾಸ್ತಿ ಹೊತ್ತು ಕುದಿಸಿದರೆ ಬರುವ ಒಗರೂ ಇದೇ ಜಾತಿಯದು. ಕ್ಯಾಬರ್ನೆಯ ಸಿಪ್ಪೆ ದಪ್ಪ, ಹಾಗಾಗಿ ಟ್ಯಾನಿನ್ ಹೆಚ್ಚು. ಬಿಳಿ ವೈನ್‌ಗೆ ಸಾಮಾನ್ಯವಾಗಿ ರಸವನ್ನು ಹಿಂಡಿ ಸಿಪ್ಪೆ ಬೇರೆ ಮಾಡಿ ಆಮೇಲೆ ಹುಳಿಯಿಸುತ್ತಾರೆ. ಆದ್ದರಿಂದ ನೀವು ಬಿಳಿಯಿಂದ ಶುರು ಮಾಡಿ.

ಇನ್ನು ಸಿಹಿಯ ವಿಷಯ. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. ಯೀಸ್ಟ್ ಪೂರ್ತಿ ತಿಂದು ಮುಗಿಸಿದರೆ ಸಿಹಿ ಉಳಿಯುವುದಿಲ್ಲ. ಅದಕ್ಕೇ ಡ್ರೈ ಅನ್ನುವುದು. ಅರ್ಧದಲ್ಲೇ ನಿಲ್ಲಿಸಿದರೆ ಸಿಹಿ ಉಳಿಯುತ್ತದೆ, ಆಲ್ಕೋಹಾಲೂ ಕಡಿಮೆ ಇರುತ್ತದೆ. ಹಾಗಾಗಿ ಬಾಟಲಿಯ ಚಂದದ ಚಿತ್ರ ಬಿಟ್ಟು, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದ ಶೇಕಡಾ ಸಂಖ್ಯೆ ಹುಡುಕಿ. ಬಿಳಿ ವೈನ್‌ನಲ್ಲಿ ಅದು 5ರಿಂದ 9ರ ಒಳಗಿದ್ದರೆ ಬಹುಮಟ್ಟಿಗೆ ಸಿಹಿಯೇ. 13, 14 ಇದ್ದರೆ ಹೆಚ್ಚಿನವು ಡ್ರೈ.

ನಿಮ್ಮ ಅಕ್ಕನಿಗೆ ನನ್ನ ಮೊದಲ ಆಯ್ಕೆ ಮೊಸ್ಕಾತೊ ದಾಸ್ತಿ. ಇಟಲಿಯ ಪಿಯೆಮಾಂಟ್ ಪ್ರಾಂತ್ಯದ್ದು. ಆಲ್ಕೋಹಾಲ್ ಶೇ 5ರಿಂದ 6ರೊಳಗೆ. ಮುಚ್ಚಿದ ತೊಟ್ಟಿಯಲ್ಲಿ ರಸ ಹುಳಿಯುತ್ತಿರುವಾಗಲೇ ಚೆನ್ನಾಗಿ ತಣ್ಣಗೆ ಮಾಡಿ ಯೀಸ್ಟನ್ನು ನಿಲ್ಲಿಸಿಬಿಡುತ್ತಾರೆ, ಆಮೇಲೆ ಸೋಸಿ ತೆಗೆಯುತ್ತಾರೆ. ಗ್ಲಾಸಿಗೆ ಸುರಿದರೆ ಸಣ್ಣಗೆ ನೊರೆ ಬಂದು ಕೂಡಲೇ ಇಳಿಯುತ್ತದೆ. ಮೂಗಿನ ಹತ್ತಿರ ತಂದು ನೋಡಿ. ವೈನ್‌ಗಳಿಗೆ ನಿಂಬೆ, ಸೀಬೆ, ಮೆಣಸು ಅಂತೆಲ್ಲ ವಾಸನೆ ಹೇಳುತ್ತಾರಲ್ಲ, ನೇರವಾಗಿ ದ್ರಾಕ್ಷಿಯದ್ದೇ ಘಮ ಬರುವುದು ಮೊಸ್ಕಾತೊ ಮಾಡುವ ಈ ಮಸ್ಕಟ್ ಜಾತಿಯ ದ್ರಾಕ್ಷಿಯಲ್ಲಿ. ಜೊತೆಗೆ ಕಿತ್ತಳೆ ಹೂವಿನ ಪರಿಮಳ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ.

ಆಮದು ಸುಂಕ ಸೇರಿ ಬೆಲೆ ಜಾಸ್ತಿ ಆಯಿತು ಅನಿಸಿದರೆ ನಮ್ಮ ದೇಶದ್ದೇ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ನೋಡಿ. ನಾಸಿಕ್‌ನ ಸುಲಾ ವೈನರಿಯವರು ತಮ್ಮ ಮೊದಲ ವೈನ್‌ಗಳನ್ನು 2000ದಲ್ಲಿ ಮಾರುಕಟ್ಟೆಗೆ ತಂದಾಗಿನಿಂದ ಇದು ಅವರ ಹತ್ತಿರ ಇದೆ. ತುಸು ಸಿಹಿ ಉಳಿಸಿಯೇ ಮಾಡುತ್ತಾರೆ. ಸೀಬೆ, ಅನಾನಸ್ ಹಣ್ಣಿನ ವಾಸನೆ ಇರುತ್ತದೆ. ಆದರೆ ಇದರ ಆಲ್ಕೋಹಾಲ್ ಶೇ 12ರ ಆಸುಪಾಸು. ಸಿಹಿ ಇದೆ, ಆದರೆ ಮೊಸ್ಕಾತೊದಷ್ಟು ಹಗುರ ಇಲ್ಲ. ಅದು ನೆನಪಿರಲಿ.

ಅನಿತಾ, ಮಂಗಳೂರು

ಸಹನಾ, ನಮ್ಮ ಮನೆಯಲ್ಲೂ ಪ್ರತಿ ವರ್ಷ ಮಾಡುತ್ತೇವೆ. ಕಪ್ಪು ದ್ರಾಕ್ಷಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಹಾಕಿ ಭರಣಿಯಲ್ಲಿ ಕಟ್ಟಿಡುವುದು. ದಿನಾ ಮರದ ಸೌಟಿನಿಂದ ತಿರುಗಿಸಬೇಕು. ಸೋಸಿದ ಮೇಲೆ ಬಣ್ಣಕ್ಕೆ ಸಕ್ಕರೆ ಕಂದು ಬರುವ ಹಾಗೆ ಕಾಯಿಸಿ ಹಾಕುವವರೂ ಇದ್ದಾರೆ. ದ್ರಾಕ್ಷಿಯದ್ದಲ್ಲದೆ ಮೇಲಿಂದ ಹಾಕಿದ ಸಕ್ಕರೆಯೂ ಸೇರುವುದರಿಂದ ಅದು ಅಷ್ಟು ಸಿಹಿ. ಹಾಗಂತ ಹಗುರ ಅಂದುಕೊಳ್ಳಬೇಡಿ. ಆ ಸಕ್ಕರೆಯಲ್ಲಿ ಒಳ್ಳೆಯ ಪಾಲು ಆಲ್ಕೋಹಾಲ್ ಆಗಿರುತ್ತದೆ. ಮನೆಯಲ್ಲಿ ಅಳೆಯುವವರು ಯಾರು? ಸಿಹಿ ಮುಚ್ಚಿಹಾಕುತ್ತದೆ, ಎದ್ದು ನಿಂತಾಗ ಗೊತ್ತಾಗುತ್ತದೆ.

ಪ್ರಶಾಂತ್, ಬೆಂಗಳೂರು

ನನ್ನ ಅಭಿಪ್ರಾಯ ಬೇರೆ. ಸಿಹಿಯಿಂದ ಶುರು ಮಾಡಿದವರು ಅಲ್ಲೇ ನಿಂತುಬಿಡುತ್ತಾರೆ. ಸಕ್ಕರೆ ಇದ್ದರೆ ವೈನ್‌ನ ಕೊರತೆ ಕಾಣಿಸುವುದಿಲ್ಲ. ಕಳಪೆ ದ್ರಾಕ್ಷಿಯನ್ನೂ ಸಿಹಿ ಮಾಡಿ ಮಾರಬಹುದು. ಡ್ರೈ ಆಗಿರುವ ಹಗುರ ಸೊವಿನ್ಯೋನ್ ಬ್ಲಾಂಕ್ ಅನ್ನುವ ಬಿಳಿ ವೈನ್‌ನಿಂದ ಶುರು ಮಾಡಿ. ಟ್ಯಾನಿನ್ ಕಾಟವೂ ಇಲ್ಲ, ರುಚಿ ತಿಳಿಯುವುದನ್ನೂ ಕಲಿತ ಹಾಗಾಗುತ್ತದೆ.

ವಿದ್ಯಾ, ಟ್ರಿಯರ್ (ಜರ್ಮನಿ)

ಪ್ರಶಾಂತ್ ಅವರೇ, ಅಗ್ಗದ ಸಿಹಿ ವೈನ್ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ಸಿಹಿ ಅಂದರೆ ಕೆಳದರ್ಜೆ ಅನ್ನುವುದನ್ನು ಒಪ್ಪಲಾರೆ. 1855ರಲ್ಲಿ ಫ್ರಾನ್ಸಿನ ಬೋರ್ಡೋದ ವೈನ್‌ಗಳಿಗೆ ದರ್ಜೆ ಕೊಟ್ಟಾಗ, ಕೆಂಪು ವೈನ್‌ಗಳಲ್ಲಿ ಯಾವುದಕ್ಕೂ ಕೊಡದ ವಿಶೇಷ ಮೇಲ್ದರ್ಜೆಯನ್ನು ಒಂದೇ ಒಂದು ತೋಟಕ್ಕೆ ಕೊಟ್ಟರು. ಅದು ಶಾಟೊ ದಿಕೆಮ್, ಸಿಹಿ ವೈನ್ ಮಾಡುವ ತೋಟ. ಸಿಹಿ ಇಷ್ಟಪಡುವವರಿಗೆ ರುಚಿ ಗೊತ್ತಿಲ್ಲ ಅಂತ ಆಗಿನವರು ಅಂದುಕೊಂಡಿರಲಿಲ್ಲ.

ನಾನಿರುವುದು ಮೋಸೆಲ್ ನದಿಯ ದಂಡೆಯ ಊರಿನಲ್ಲಿ. ಇಲ್ಲಿಂದ ನದಿಯ ಗುಂಟ ಹೋದರೆ ಎರಡೂ ಕಡೆ ಕಡಿದಾದ ಗುಡ್ಡ, ಗುಡ್ಡದ ತುಂಬ ರೀಸ್ಲಿಂಗ್ ಅನ್ನುವ ಬಿಳಿ ದ್ರಾಕ್ಷಿಯ ಬಳ್ಳಿ. ಕಾಲಡಿ ಮಣ್ಣಿಗಿಂತ ಚಪ್ಪಡಿ ಚಪ್ಪಡಿಯಾದ ಸ್ಲೇಟ್ ಕಲ್ಲೇ ಜಾಸ್ತಿ. ಹಗಲಿನ ಬಿಸಿಲನ್ನು ಆ ಕಲ್ಲು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಕೊಡುತ್ತದೆ. ಚಳಿಯ ನಾಡು, ಹಣ್ಣು ನಿಧಾನಕ್ಕೆ ಮಾಗುತ್ತದೆ, ಹುಳಿ ಬಿಟ್ಟುಕೊಡುವುದಿಲ್ಲ. ಇಲ್ಲಿನ ಸಿಹಿ ರೀಸ್ಲಿಂಗ್‌ನ ಗುಟ್ಟು ಆ ಹುಳಿಯಲ್ಲೇ ಇದೆ. ಒಂದು ಗುಟುಕು ನುಂಗಿ ಸುಮ್ಮನೆ ಕೂತು ಗಮನಿಸಿ. ನಾಲಿಗೆಯ ಎರಡು ಅಂಚಿನಲ್ಲೂ ನೀರೂರುತ್ತದೆ. ಸಿಹಿ ಬಾಯಿಗೆ ಅಂಟಿ ಕೂರುವುದಿಲ್ಲ, ಮತ್ತೊಂದು ಗುಟುಕು ಬೇಕೆನಿಸುತ್ತದೆ. ನೀರೂರದೆ ಬರೀ ಅಂಟಂಟು ಉಳಿದರೆ ಆ ವೈನ್‌ನಲ್ಲಿ ಹುಳಿ ಸಾಲದು. ಒಳ್ಳೆಯ ಸಿಹಿ ವೈನ್, ಬರೀ ಸಕ್ಕರೆ ನೀರು ಎರಡನ್ನೂ ನಾನು ಬೇರೆ ಮಾಡಿ ನೋಡುವುದು ಹೀಗೆಯೇ.

ಸಹನಾ, ಜರ್ಮನ್ ಬಾಟಲಿ ಸಿಕ್ಕರೆ "ಕಾಬಿನೆಟ್" ಅನ್ನುವ ಮಾತು ಹುಡುಕಿ. ಅದರ ಮೇಲಿನದು "ಷ್ಪೇಟ್‌ಲೇಸೆ". ಇಲ್ಲಿ ಬಹಳ ಜನ ಎಡವುತ್ತಾರೆ. ಈ ಹೆಸರುಗಳು ಹೇಳುವುದು ಕೊಯ್ಯುವಾಗ ಹಣ್ಣು ಎಷ್ಟು ಮಾಗಿತ್ತು ಅನ್ನುವುದನ್ನು. ಬಾಟಲಿಯೊಳಗೆ ಎಷ್ಟು ಸಿಹಿ ಉಳಿದಿದೆ ಅನ್ನುವುದನ್ನಲ್ಲ. ಅದೇ ಬಾಟಲಿಯಲ್ಲಿ "ಟ್ರೊಕೆನ್" ಅಂತ ಇದ್ದರೆ ಅದು ಡ್ರೈ, ನಿಮಗೆ ಬೇಡ. "ಹಾಲ್ಬ್‌ಟ್ರೊಕೆನ್" ಅಥವಾ "ಫೈನ್‌ಹೆರ್ಬ್" ಅಂತ ಇದ್ದರೆ ತುಸು ಸಿಹಿ. ಇದಾವುದೂ ಇಲ್ಲದೆ ಕಾಬಿನೆಟ್ ಅಂತ ಇದ್ದು, ಆಲ್ಕೋಹಾಲ್ ಶೇ 8, 9 ಇದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ.

ಪ್ರಶಾಂತ್, ಬೆಂಗಳೂರು

ವಿದ್ಯಾ ಅವರೇ, ಹುಳಿಯ ಮಾತು ಒಪ್ಪಿದೆ. ನನ್ನ ತಕರಾರು ಹುಳಿ ಇಲ್ಲದ ಸಿಹಿಯ ಮೇಲೆ. ಕಾಬಿನೆಟ್ ಆದರೆ ನಾನೂ ಬೇಡ ಅನ್ನುವುದಿಲ್ಲ.

ರಘುನಂದನ್ ಅವರ ಶೇಕಡಾ ಲೆಕ್ಕಕ್ಕೆ ಒಂದೆರಡು ಮಾತು ಸೇರಿಸಬೇಕು. ಪೋರ್ಚುಗಲ್‌ನ ಪೋರ್ಟ್ ಸಿಹಿಯೇ, ಆದರೆ ಶೇ 20ರ ಹತ್ತಿರ. ಅರ್ಧ ಹುಳಿದ ರಸಕ್ಕೆ ದ್ರಾಕ್ಷಿಯ ಸಾರಾಯಿ ಸೇರಿಸಿ ಯೀಸ್ಟನ್ನು ನಿಲ್ಲಿಸುತ್ತಾರೆ. ನಮ್ಮಲ್ಲಿನ "ಲೇಟ್ ಹಾರ್ವೆಸ್ಟ್" ಬಾಟಲಿಗಳೂ ಸಿಹಿ, ಆದರೆ ಆಲ್ಕೋಹಾಲ್ ಸಾಧಾರಣ ವೈನ್‌ನಷ್ಟೇ ಇರಬಹುದು. ಹಣ್ಣನ್ನು ಬಳ್ಳಿಯಲ್ಲೇ ಜಾಸ್ತಿ ಮಾಗಿಸುವುದರಿಂದ ಸಕ್ಕರೆ ಅಷ್ಟಿರುತ್ತದೆ. ಪೋರ್ಚುಗಲ್‌ನದೇ ವಿನ್ಯೊ ವೆರ್ದೆ ಇದಕ್ಕೆ ಉಲ್ಟಾ. ಶೇ 9, 10 ಇದ್ದರೂ ಡ್ರೈ ಇರಬಹುದು. ಅಂದರೆ ಸಂಖ್ಯೆಯ ಜೊತೆಗೆ ಹೆಸರನ್ನೂ ನೋಡಬೇಕು.

ಇನ್ನೊಂದು. ನೊರೆ ವೈನ್‌ಗಳಲ್ಲಿ "ಎಕ್ಸ್‌ಟ್ರಾ ಡ್ರೈ" ಅಂತ ಬರೆದಿರುವುದು "ಬ್ರೂಟ್"ಗಿಂತ ಸಿಹಿ. ಯುರೋಪಿನ ನಿಯಮದಲ್ಲಿ ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂ ಒಳಗೆ ಸಕ್ಕರೆ. ಎಕ್ಸ್‌ಟ್ರಾ ಡ್ರೈ 12ರಿಂದ 17. "ಡ್ರೈ" 17ರಿಂದ 32. "ಡೆಮಿ ಸೆಕ್" 32ರಿಂದ 50. ಸಿಹಿ ಬೇಕಾದವರು ಡೆಮಿ ಸೆಕ್ ಕೇಳಬೇಕು.

ಸಹನಾ, ಬೆಂಗಳೂರು

ಅಬ್ಬಾ, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಒಂದು ಸಂಶಯ. "ಫ್ರೂಟಿ" ಅಂತ ಬರೆದಿದ್ದರೆ ಸಿಹಿ ಅಂತಲೇ ಅಲ್ವಾ? ಮತ್ತೆ, ಇಲ್ಲಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಪೋರ್ಟ್ ವೈನ್ ಅಂತ ಇಟ್ಟಿರುತ್ತಾರಲ್ಲ, ಅದೂ ಪ್ರಶಾಂತ್ ಅವರು ಹೇಳಿದ ಪೋರ್ಚುಗಲ್‌ನದ್ದೇನಾ?

ಮಂಜುನಾಥ, ದೊಡ್ಡಬಳ್ಳಾಪುರ

ಪೋರ್ಟ್ ಬಗ್ಗೆ ನಾನು ಹೇಳುತ್ತೇನೆ ಮೇಡಂ. ನಮ್ಮದು ದ್ರಾಕ್ಷಿ ಬೆಳೆಯುವ ಮನೆ. ಪೋರ್ಚುಗಲ್‌ನ ಡೋರು ನದಿ ಕಣಿವೆಯಲ್ಲಿ ಮಾಡುವ ಪೋರ್ಟೇ ಬೇರೆ, ಇಲ್ಲಿ ಆ ಹೆಸರಲ್ಲಿ ಮಾರುವುದೇ ಬೇರೆ. ಇಲ್ಲಿಯದು ಅಗ್ಗದ, ಸಿಹಿ ಕೆಂಪು ವೈನ್ ಅಷ್ಟೆ. ಅದಕ್ಕೆ ಹೆಚ್ಚಾಗಿ ಹೋಗುವುದು ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವುದು. ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿದೆ. ತಳ್ಳುಗಾಡಿಯಲ್ಲಿ ನೀವೆಲ್ಲ ತಿಂದಿರುತ್ತೀರಿ. ಬೆರಳಲ್ಲಿ ಒತ್ತಿದರೆ ತಿರುಳು ಬುಳಕ್ಕನೆ ಬಾಯಿಗೆ ಜಾರಿ ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ದ್ರಾಕ್ಷಿ ಜ್ಯೂಸಿನ ಘಾಟಾದ ಪರಿಮಳ ಅದರದ್ದೇ.

ತಿನ್ನುವುದಕ್ಕೆ, ಜ್ಯೂಸಿಗೆ ಅದಕ್ಕೆ ಸಾಟಿ ಇಲ್ಲ. ವೈನ್‌ಗೆ ಬೆಳೆಸುವ ಶೆನಿನ್, ಕ್ಯಾಬರ್ನೆ ಯುರೋಪಿನ ಬೇರೆಯೇ ಕುಲ. 1980ರ ದಶಕದಲ್ಲಿ ವೈನ್ ಉದ್ಯಮಿ ಗ್ರೋವರ್ ಅವರು ನಂದಿ ಬೆಟ್ಟದ ಈ ಕಡೆ ಫ್ರೆಂಚ್ ಬಳ್ಳಿ ತಂದು ನೆಟ್ಟ ಮೇಲೆ ನಮ್ಮ ಸೀಮೆಯಲ್ಲಿ ಅವುಗಳ ಪರಿಚಯ ಆಯಿತು. ಮನೆ ವೈನ್ ರುಚಿಯೇ ಬೇಕು ಅಂದರೆ ಪೋರ್ಟ್ ಹೆಸರಿನ ಬಾಟಲಿ ನಿಮಗೆ ಪರಿಚಿತ ಅನಿಸಬಹುದು. ಆದರೆ ಹಗುರವಾದದ್ದು ಕೇಳಿದಿರಲ್ಲ, ಅದಕ್ಕೆ ಅದು ಸರಿಹೊಂದುವುದಿಲ್ಲ.

ರಘುನಂದನ್, ಮೈಸೂರು

ಫ್ರೂಟಿ ಅಂದರೆ ಹಣ್ಣಿನ ವಾಸನೆ ಇದೆ ಅಂತ ಮಾತ್ರ. ಮಾವಿನ ಹಣ್ಣಿನ ಘಮ ಬಂದು, ಬಾಯಿಗಿಟ್ಟರೆ ಒಂದು ಚೂರೂ ಸಿಹಿ ಇಲ್ಲದ ವೈನ್‌ಗಳು ಬೇಕಾದಷ್ಟಿವೆ. ಅಂಗಡಿಯಲ್ಲಿ "ಫ್ರೂಟಿ ಕೊಡಿ" ಅನ್ನಬೇಡಿ. "ಸ್ವೀಟ್" ಅಥವಾ "ಸೆಮಿ ಸ್ವೀಟ್" ಕೊಡಿ ಅನ್ನಿ. ಇಟಲಿಯ ಬಾಟಲಿಯಾದರೆ "ದೊಲ್ಚೆ" ಅಂದರೆ ಸಿಹಿ, "ಅಮಾಬಿಲೆ" ಅಂದರೆ ಅದಕ್ಕಿಂತ ಸ್ವಲ್ಪ ಕಡಿಮೆ ಸಿಹಿ, "ಸೆಕ್ಕೊ" ಅಂದರೆ ಡ್ರೈ. ಲಾಂಬ್ರುಸ್ಕೊ ಅಂತ ಕೆಂಪು ನೊರೆ ವೈನ್ ಇದೆ, ಅದು ಈ ಮೂರೂ ಬಗೆಯಲ್ಲಿ ಬರುತ್ತದೆ. ಕೆಂಪೇ ಬೇಕು, ಒಗರು ಬೇಡ ಅನ್ನುವವರು ಬ್ರಾಕೆತ್ತೊ ದಾಕ್ವಿ ಹುಡುಕಿ. ಗುಲಾಬಿಯ ವಾಸನೆ ಬರುವ, ಸಣ್ಣ ನೊರೆಯ ಸಿಹಿ ಕೆಂಪು ವೈನ್. ಅದೂ ಪಿಯೆಮಾಂಟ್‌ದೇ. ನಮ್ಮಲ್ಲಿ ಸಿಗುವುದು ಅಪರೂಪ, ಕಂಡರೆ ಬಿಡಬೇಡಿ.

ಕಿರಣ್, ಸ್ಯಾನ್ ಹೋಸೆ

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಹೊಸಬರ ಕೈಗೆ ಮೊದಲು ಸಿಗುತ್ತಿದ್ದದ್ದು ವೈಟ್ ಜಿನ್‌ಫ್ಯಾಂಡೆಲ್. ಹೆಸರಲ್ಲಿ ವೈಟ್ ಇದ್ದರೂ ಬಣ್ಣ ತಿಳಿ ಗುಲಾಬಿ. 1975ರಲ್ಲಿ ಸಟರ್ ಹೋಮ್ ಅನ್ನುವ ವೈನರಿಯಲ್ಲಿ ಒಂದು ತೊಟ್ಟಿಯ ಯೀಸ್ಟ್ ಅರ್ಧಕ್ಕೇ ನಿಂತು ಸಕ್ಕರೆ ಉಳಿದುಬಿಟ್ಟಿತು. ಅದನ್ನು ಚೆಲ್ಲದೆ ಮಾರಿದರು. ಜನ ಮುಗಿಬಿದ್ದರು. ನಿಂತುಹೋದ ಒಂದು ತೊಟ್ಟಿಯಿಂದ ಹುಟ್ಟಿದ ಶೈಲಿ ಅದು. ರಘುನಂದನ್ ಸರ್ ಹೇಳಿದ "ಅರ್ಧದಲ್ಲಿ ನಿಲ್ಲಿಸಿದರೆ ಸಿಹಿ" ಅನ್ನುವುದು ಅಲ್ಲಿ ತಾನಾಗಿಯೇ ಆಗಿಬಿಟ್ಟಿತ್ತು.

ಶಶಿಕಲಾ, ಹುಬ್ಬಳ್ಳಿ

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ. ಹಗುರ ವೈನ್ ಅಂದರೆ ತೊಂದರೆ ಇಲ್ಲ ಅಂತ ಅವರ ವಾದ. ಇದು ನಿಜವೇ?

ನಳಿನಿ, ಶಿವಮೊಗ್ಗ

ಶಶಿಕಲಾ ಅಕ್ಕ, ನಾನು ನರ್ಸ್, ಅದಕ್ಕೇ ಉತ್ತರಿಸುತ್ತಿದ್ದೇನೆ. ಹಗುರ ಅಂದರೆ ಆಲ್ಕೋಹಾಲ್ ಕಡಿಮೆ ಅಂತ, ಸಕ್ಕರೆ ಕಡಿಮೆ ಅಂತ ಅಲ್ಲ. ಮೊಸ್ಕಾತೊ ದಾಸ್ತಿಯಲ್ಲಿ ಲೀಟರಿಗೆ 100 ಗ್ರಾಂ ದಾಟಿ ಸಕ್ಕರೆ ಇರುವುದು ಮಾಮೂಲು. ಕೋಲಾ ಪಾನೀಯದಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ಅಪಾಯ ಇದಕ್ಕೆ ವಿರುದ್ಧ ದಿಕ್ಕಿನದು. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಕುಡಿದರೆ ಗಂಟೆಗಳ ನಂತರ, ನಿದ್ದೆಯಲ್ಲಿ ಸಕ್ಕರೆ ಅಂಶ ಇಳಿದುಬಿಡಬಹುದು. ಡಾಕ್ಟರನ್ನು ಕೇಳದೆ ಒಂದು ಗ್ಲಾಸೂ ಬೇಡ ಅನ್ನಿ.

ಇನ್ನು ಉಳಿದವರಿಗೂ ಒಂದು ಮಾತು. ಆಲ್ಕೋಹಾಲ್‌ನಲ್ಲಿ ಇಷ್ಟರವರೆಗೆ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಅಂತ 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸಿಹಿ ವೈನ್ ಜ್ಯೂಸಿನ ಹಾಗೆ ಸರಾಗವಾಗಿ ಇಳಿಯುತ್ತದೆ. ಲೆಕ್ಕ ಇಟ್ಟುಕೊಳ್ಳಿ. ಶೇ 12ರ ವೈನ್ 150 ಮಿ.ಲೀ. ಕುಡಿದರೆ 18 ಮಿ.ಲೀ. ಆಲ್ಕೋಹಾಲ್ ಒಳಗೆ ಹೋಯಿತು. ಶೇ 5ರ 330 ಮಿ.ಲೀ. ಬಿಯರ್‌ಗಿಂತ ಅದು ತುಸು ಜಾಸ್ತಿಯೇ. ಶೇ 5.5ರ ಮೊಸ್ಕಾತೊ ಆದರೆ ಅದೇ ಗ್ಲಾಸಿಗೆ ಸುಮಾರು 8 ಮಿ.ಲೀ. ಹಗುರವಾದದ್ದನ್ನು ಆರಿಸಿ ಅನ್ನಲು ನನಗಿರುವ ಕಾರಣ ಇದು. ಆದರೆ ಹಗುರ ಅಂತ ಎರಡರಷ್ಟು ಕುಡಿದರೆ ಲೆಕ್ಕ ಅಲ್ಲಿಗೇ ಬಂತು.

ಸಹನಾ, ಬೆಂಗಳೂರು

ನಳಿನಿಯವರೇ, ಒಳ್ಳೆಯ ಮಾತು ಹೇಳಿದಿರಿ. ಭಾವನಿಗೂ ಓದಿ ಹೇಳುತ್ತೇನೆ. ಈಗ ಊಟದ ಪ್ರಶ್ನೆ. ಕೋರಿ ರೊಟ್ಟಿಯ ಗಸಿ ಒಳ್ಳೆ ಖಾರ ಇರುತ್ತದೆ. ಸಿಹಿ ವೈನ್ ಜೊತೆ ಹೊಂದುತ್ತಾ?

ವಿದ್ಯಾ, ಟ್ರಿಯರ್ (ಜರ್ಮನಿ)

ಚೆನ್ನಾಗಿ ಹೊಂದುತ್ತದೆ. ನಮ್ಮ ಕಡೆಯ ಖಾರದ ಅಡುಗೆಗೆ ಹೊಂದುವುದೇ ಸಿಹಿ, ಹಗುರ ವೈನ್. ಆಲ್ಕೋಹಾಲ್ ಹೆಚ್ಚಿದಷ್ಟೂ ಮೆಣಸಿನ ಉರಿ ಹೆಚ್ಚುತ್ತದೆ. ಟ್ಯಾನಿನ್ ಸೇರಿದರೆ ಬಾಯಿ ಇನ್ನೂ ಒರಟಾಗುತ್ತದೆ. ಸಿಹಿ ಉರಿಯನ್ನು ತಗ್ಗಿಸುತ್ತದೆ. ಇಲ್ಲಿ ನಾನು ಬ್ಯಾಡಗಿ ಮೆಣಸು ಹುರಿದು, ತೆಂಗಿನಕಾಯಿ ಅರೆದು ಗಸಿ ಮಾಡಿದಾಗ ಜೊತೆಗೆ ತೆರೆಯುವುದು ಕಾಬಿನೆಟ್ ರೀಸ್ಲಿಂಗನ್ನೇ. ತೆಂಗಿನ ಹಾಲಿನ ಜಿಡ್ಡನ್ನು ಅದರ ಹುಳಿ ಕತ್ತರಿಸುತ್ತದೆ. ನಿಮಗೆ ರೀಸ್ಲಿಂಗ್ ಸಿಗದಿದ್ದರೆ ಶೆನಿನ್ ಬ್ಲಾಂಕ್ ಸಾಕು. ಮೊಸ್ಕಾತೊವನ್ನು ಊಟ ಆದ ಮೇಲೆ, ಕೊಯ್ದ ಮಾವಿನ ಹಣ್ಣಿನ ಜೊತೆ ಕೊಡಿ.

ಮೈಸೂರು ಪಾಕ್, ಹೋಳಿಗೆ ಜೊತೆ ಮಾತ್ರ ಕೊಡಬೇಡಿ. ತಿಂಡಿ ವೈನ್‌ಗಿಂತ ಸಿಹಿಯಾದರೆ ವೈನ್ ಬರೀ ಹುಳಿಯಾಗಿ ಕಾಣುತ್ತದೆ.

ಪ್ರಶಾಂತ್, ಬೆಂಗಳೂರು

ಕೊಳ್ಳುವಾಗ ಎಚ್ಚರ ಸಹನಾ ಅವರೇ. ಈ ಹಗುರ ಬಿಳಿ ವೈನ್‌ಗಳು ಇಟ್ಟಷ್ಟೂ ರುಚಿ ಏರುವಂಥವಲ್ಲ, ಒಳ್ಳೆಯ ರೀಸ್ಲಿಂಗ್ ಬೇರೆ ಮಾತು. ಶೆನಿನ್, ಮೊಸ್ಕಾತೊ ಒಂದೆರಡು ವರ್ಷದೊಳಗೆ ಕುಡಿದರೆ ಚೆನ್ನ. ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿ ಕೊಯ್ಯುವುದು ಹೆಚ್ಚಾಗಿ ಜನವರಿಯಿಂದ ಮಾರ್ಚ್. ಬಾಟಲಿ ಮೇಲಿನ ವರ್ಷ ನೋಡಿ, ಹೊಸದನ್ನೇ ಕೇಳಿ. ಕಿಟಕಿಯ ಬಿಸಿಲು ಬೀಳುವ ಕಡೆ, ಟ್ಯೂಬ್‌ಲೈಟಿಗೆ ತಾಗಿ ನಿಂತ ಬಾಟಲಿ ಬೇಡ. ತಿಳಿ ಹಳದಿ ಇರಬೇಕಾದ್ದು ಕಂದುಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ಬಿಟ್ಟು ಬನ್ನಿ. ನಮ್ಮ ಬಡಾವಣೆಯ ಒಂದು ಅಂಗಡಿಯಲ್ಲಿ ನನಗೆ ಕೊಟ್ಟಿದ್ದು ಹಾಗೇ ಆಗಿತ್ತು. ತೆರೆದರೆ ಹಳೇ ಸೇಬಿನ ವಾಸನೆ.

ಇಡೀ ಬಾಟಲಿ ಬೇಡ ಅನಿಸಿದರೆ 375 ಮಿ.ಲೀ. ಬಾಟಲಿ ಇದೆಯಾ ಕೇಳಿ. ಹೊಸದೊಂದನ್ನು ರುಚಿ ನೋಡಲು ಅದೇ ಸರಿ.

ಅನಿತಾ, ಮಂಗಳೂರು

ತಣ್ಣಗೆ ಮಾಡುವುದನ್ನು ಮರೆಯಬೇಡಿ. ಸಿಹಿ ವೈನ್ ಬೆಚ್ಚಗಿದ್ದರೆ ಪಾನಕದ ಹಾಗೆ ಬರೀ ಸಿಹಿಯಾಗಿ ಕಾಣುತ್ತದೆ ಅಂತ ನಮ್ಮ ಮಾವ ಹೇಳುತ್ತಾರೆ. ಫ್ರಿಜ್‌ನಲ್ಲಿ ಮೂರು ಗಂಟೆ ಇಟ್ಟರೆ ಸಾಕು. ಅವಸರ ಇದ್ದರೆ ಬಕೆಟ್‌ನಲ್ಲಿ ಐಸ್ ಜೊತೆ ನೀರೂ ಹಾಕಿ ಬಾಟಲಿ ಮುಳುಗಿಸಿ, ಅರ್ಧ ಗಂಟೆಯೊಳಗೆ ತಣ್ಣಗಾಗುತ್ತದೆ. ಫ್ರೀಜರ್‌ನಲ್ಲಿಟ್ಟು ಮರೆತರೆ ಬಾಟಲಿ ಒಡೆಯಬಹುದು. ನೊರೆ ಇರುವುದಂತೂ ಇಡಲೇಬೇಡಿ. ಉಳಿದರೆ ಮುಚ್ಚಳ ಬಿಗಿ ಮಾಡಿ ಫ್ರಿಜ್‌ಗೆ. ಮೂರು ನಾಲ್ಕು ದಿನ ಅಡ್ಡಿಯಿಲ್ಲ. ಮೊಸ್ಕಾತೊದ ನೊರೆ ಮಾತ್ರ ಮಾರನೇ ದಿನಕ್ಕೇ ಸಪ್ಪೆ.

ಸಹನಾ, ಬೆಂಗಳೂರು

ಕೊಳ್ಳುವ ಮೊದಲು ಒಂದೊಂದು ಗುಟುಕು ರುಚಿ ನೋಡುವ ಜಾಗ ಹತ್ತಿರದಲ್ಲಿ ಇದೆಯಾ? ಅಕ್ಕನನ್ನೂ ಕರೆದುಕೊಂಡು ಹೋಗಬಹುದಿತ್ತು.

ಮಂಜುನಾಥ, ದೊಡ್ಡಬಳ್ಳಾಪುರ

ಇದೆ ಮೇಡಂ. ನಂದಿ ಬೆಟ್ಟದ ಕಡೆ ಗ್ರೋವರ್ ಜಂಪಾ, ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಹತ್ತಿರ ದೊಮೇನ್ ಸುಲಾ. ಎರಡೂ ಕಡೆ ತೋಟ, ತೊಟ್ಟಿ ಎಲ್ಲ ತೋರಿಸಿ, ಆಮೇಲೆ ಸಾಲಾಗಿ ರುಚಿಗೆ ಕೊಡುತ್ತಾರೆ. ಫೋನ್ ಮಾಡಿ ಸಮಯ ಕೇಳಿಕೊಂಡು ಹೋಗಿ. ಗಾಡಿ ಓಡಿಸುವವರು ಮಾತ್ರ ರುಚಿ ನೋಡುವುದು ಬೇಡ.

ರಘುನಂದನ್, ಮೈಸೂರು

ಅಲ್ಲಿ ಕೊಡುವ ಕ್ರಮ ಬಿಡಬೇಡಿ. ಮೊದಲು ಡ್ರೈ, ಕೊನೆಗೆ ಸಿಹಿ. ಸಿಹಿ ಮೊದಲು ಕುಡಿದರೆ ಆಮೇಲಿನ ಡ್ರೈ ವೈನ್ ನಿಂಬೆಹುಳಿಯಾಗಿ ಕಾಣುತ್ತದೆ. ಪೂರ್ತಿ ನುಂಗಲೇಬೇಕು ಅಂತೇನಿಲ್ಲ. ಬಾಯಾಡಿಸಿ ಉಗುಳಲು ಪಾತ್ರೆ ಕೇಳಿದರೆ ಕೊಡುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಹಿಡಿಸಿದ ಬಾಟಲಿಯ ಲೇಬಲ್ ಎರಡೂ ಕಡೆ ಫೋಟೋ ತೆಗೆದುಕೊಳ್ಳಿ. ಮುಂದಿನ ಸಲ ಅಂಗಡಿಯಲ್ಲಿ ಆ ಫೋಟೋ ತೋರಿಸಿ, ಇದರಷ್ಟೇ ಸಿಹಿ ಇರುವುದು ಕೊಡಿ ಅಂತ ಕೇಳಿ.